ಏಳು ಗುಳಿಯ ಚಿಕ್ಕವೆಂಕಟಪ್ಪ

ನಮ್ಮ ಭಾವ ಚಿಕ್ಕವೆಂಕಟಪ್ಪನವರು ಯಾವ ಪ್ರಶ್ನೆಗೂ ಹೌದು ಎಂದವರಲ್ಲ, ಅಲ್ಲ ಎಂದವರೂ ಅಲ್ಲ. ಕಾಫಿ ಕುಡಿಯುತ್ತೀರಾ ಎಂದು ಕೇಳಿದರೂ ಕಣ್ಣನ್ನು ಅರೆಮುಚ್ಚಿ, ಹೆಬ್ಬೆರಳಿನಿಂದ ಗಲ್ಲವನ್ನು ಒಂದು ಸಲ ಉಜ್ಜಿಕೊಂಡು, “ಕುಡಿಯೋದು ಒಂದು ಕಡೆ. ಇನ್ನೊಂದು ಕಡೆ?” ಎನ್ನುತ್ತಿದ್ದರು. ಇನ್ನೊಂದು ಕಡೆ ಏನಿದೆಯೆಂದು ಕಾಫಿ ತಂದವರೇ ಹೇಳಬೇಕು. ಪಿತ್ತವಾಗುತ್ತದೆ, ಊಟದ ಹೊತ್ತು ಹತ್ತಿರವಾಗಿದೆ, ಮಕ್ಕಳಿಗೆ ಹಾಲು ಉಳಿಯುವುದಿಲ್ಲ, ಹೀಗೆ. ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಆರಿರುತ್ತಿತ್ತು. ಆರಿದ್ದನ್ನೇ ಕುಡಿದು ಲೋಟ ಇಡುತ್ತಿದ್ದರು. ಅವರು ಬಿಸಿ ಕಾಫಿ ಕುಡಿದದ್ದನ್ನು ನಾನು ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ ಕಂಡಿಲ್ಲ.

ಎತ್ತರದ ಆಳು, ಒಣಗಿದ ಮೈ. ಬೇಸಿಗೆಯಲ್ಲೂ ಪಂಚೆಯ ಮೇಲೊಂದು ಕಂದು ಕೋಟು. ಅದರ ಎಡಜೇಬಿನಲ್ಲಿ ಏಳು ಹುಣಿಸೆ ಬೀಜ. ಹಿಮ್ಮಡಿಯನ್ನು ಮೊದಲು ಊರಿ, ಎರಡು ಹೆಜ್ಜೆಗೊಮ್ಮೆ ಅನುಮಾನಿಸುವವರ ಹಾಗೆ ನಡೆಯುತ್ತಿದ್ದುದರಿಂದ ಆ ಬೀಜಗಳು ಜೇಬಿನಲ್ಲಿ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆ ಸದ್ದು ಹಜಾರಕ್ಕೆ ಬಂದ ಕೂಡಲೇ ನಾನು ಕೂತಲ್ಲಿಂದ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಗಂಡನ ಅಣ್ಣನ ಎದುರಿಗೆ ಕೂರಬಾರದೆಂಬುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಸಾಸಲು ಹೋಬಳಿಯ ಈ ಊರಿಗೆ ನಾನು ಸೊಸೆಯಾಗಿ ಬಂದ ದಿನದಿಂದ ಅವರನ್ನು ಕಂಡದ್ದೆಲ್ಲ ಬಾಗಿಲ ಸಂದಿನಿಂದಲೇ.

ಊರಿಗೆ ಅವರು ಬೇಕಾದದ್ದು ಅವರ ಅಳಗುಳಿ ಮಣೆಯಿಂದಾಗಿ. ಅವರ ತಾಯಿ ಆಡುತ್ತಿದ್ದ ಹಲಸಿನ ಮರದ ಮಣೆ ಅದು, ಎದುರುಬದುರು ಎರಡು ಸಾಲು, ಸಾಲಿಗೆ ಏಳು ಗುಳಿ. ಯಾರಿಗಾದರೂ ಮನಸ್ಸು ಎರಡಾಗಿ ಇತ್ತ ಹೋಗಲೂ ಆಗದೆ ಅತ್ತ ಹೋಗಲೂ ಆಗದೆ ನಿಂತಾಗ ಭಾವ ಜಗಲಿಯ ಮೇಲೆ ಮಣೆ ಹಾಕಿ ಕೂರುತ್ತಿದ್ದರು. ಆ ಕೆಲಸದಲ್ಲಿ ನೋಡಬೇಕಾದ ಸಂಗತಿಗಳು ಯಾವುವೆಂದು ಮೊದಲು ಕೇಳಿ ಏಳನ್ನು ಆರಿಸಿ ಏಳು ಗುಳಿಗೆ ಹೆಸರಿಡುವುದು. ಒಂದು ದಾರಿಗೆ ಮೇಲಿನ ಸಾಲು, ಇನ್ನೊಂದು ದಾರಿಗೆ ಕೆಳಗಿನ ಸಾಲು. ಒಂದೊಂದೇ ಗುಳಿಯ ಮೇಲೆ ಬೆರಳಿಟ್ಟು, “ಇದರಾಗೆ ಯಾವುದು ಮೇಲು?” ಎಂದು ಕೇಳಿ, ಮೇಲಾದದ್ದರ ಗುಳಿಗೆ ಒಂದು ಬೀಜ ಹಾಕುವುದು. ಏಳು ಬೆಸ ಸಂಖ್ಯೆಯಾದ್ದರಿಂದ ಸರಿಸಮವಾಗುವ ಪ್ರಶ್ನೆಯೇ ಇಲ್ಲ. ಬೀಜ ಹೆಚ್ಚು ಬಿದ್ದ ಸಾಲು ಗೆಲ್ಲುತ್ತದೆ. ಮೂರನೆಯ ದಾರಿಯೊಂದಿದ್ದರೆ ಗೆದ್ದದ್ದರ ಎದುರಿಗೆ ಅದನ್ನು ಕೂರಿಸುವುದು.

ಇದಕ್ಕೆ ಅವರದೇ ಕಟ್ಟುಪಾಡುಗಳಿದ್ದವು. ದುಡ್ಡಿಗೆ ಗುಳಿ ಇಲ್ಲ. “ದುಡ್ಡಿಗೊಂದು ಗುಳಿ ಕೊಟ್ರೆ ಮಿಕ್ಕ ಆರು ಗುಳಿ ದಂಡ ಕಣಪ್ಪ,” ಎನ್ನುತ್ತಿದ್ದರು. ಯಾರ ಮೈಮೇಲೆ ಬರುವ ಕೆಲಸವೋ ಅವರೊಬ್ಬರೇ ಉತ್ತರ ಹೇಳಬೇಕು, ಸುತ್ತ ಕೂತವರು ಬಾಯಿ ಬಿಡಕೂಡದು. ಕೊನೆಯದು, ಒಮ್ಮೆ ಸೋತದ್ದನ್ನು ತಿರುಗಿ ಮಣೆಗೆ ತರಕೂಡದು.

ಓವರ್‌ಹೆಡ್ ಟ್ಯಾಂಕು ಶಾಲೆಯ ಪಕ್ಕದಲ್ಲಾಗಬೇಕೋ, ಗುಡಿಯ ಹಿಂದೋ, ಕೆರೆ ಏರಿಯ ಮೇಲೋ ಎಂದು ಊರು ಮೂರು ಪಾಲಾಗಿ ಒಬ್ಬರ ಮುಖ ಒಬ್ಬರು ನೋಡದಂತಾದಾಗ ಮಣೆ ಏರಿಯನ್ನು ಹೇಳಿತು, ಜಗಳ ಅಲ್ಲಿಗೆ ನಿಂತಿತು. ಪಾಪಮ್ಮನ ಮಗಳಿಗೆ ಮೂರು ಗಂಡು ಬಂದಾಗ ಮಣೆ ಅರಿಶಿನಕುಂಟೆಯ ಹುಡುಗನನ್ನು ತೋರಿಸಿತು. ಇಂಥ ದೊಡ್ಡ ಕೆಲಸಕ್ಕೇ ಎಂದಲ್ಲ. ದೊಡ್ಡಬಳ್ಳಾಪುರದಲ್ಲಿ ಚಪ್ಪಲಿ ಕೊಳ್ಳಲು ಹೋಗಿ, ಎರಡು ಜೊತೆ ಎದುರಿಗಿಟ್ಟುಕೊಂಡು, ನೆಲದ ಮೇಲೆಯೇ ಬೀಜ ಹಾಕುತ್ತಾ ಕೂತರಂತೆ. ಅಂಗಡಿಯವನು ತಾಳ್ಮೆಗೆಟ್ಟು, “ಯಜಮಾನ್ರೇ, ಚಪ್ಪಲಿ ತಗೊಳ್ತಿದ್ದೀರೋ, ಮನೆಗೆ ಸೊಸೆ ತರ್ತಿದ್ದೀರೋ?” ಎಂದನಂತೆ. ಭಾವ ತಲೆಯೆತ್ತದೆ, “ಸೊಸೆ ಆದ್ರೆ ಕಚ್ಚಲ್ಲ ಕಣಯ್ಯ,” ಎಂದರಂತೆ. ಇದನ್ನು ನನ್ನ ಯಜಮಾನರು ಹೇಳಿ ಹೇಳಿ ನಗುತ್ತಿದ್ದರು.

ಊರಿನಲ್ಲಿ ಅವರನ್ನು ಆಡಿಕೊಳ್ಳುವ ಧೈರ್ಯವಿದ್ದದ್ದು ಬೈಲಪ್ಪನಿಗೊಬ್ಬನಿಗೆ. ಒಂದೇ ಓರಿಗೆಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. “ಪ್ರಾಣಕ್ಕೂ ಒಂದು ಹುಣಿಸೆ ಬೀಜ, ಬಸ್ ಸ್ಟಾಪು ಹತ್ತಿರ ಐತೆ ಅನ್ನೋದಕ್ಕೂ ಒಂದು ಹುಣಿಸೆ ಬೀಜ. ಚೆನ್ನಾಗೈತೆ ಕಣೋ ಚಿಕ್ಕೆಂಕಟ ನಿನ್ನ ನ್ಯಾಯ,” ಎಂದು ಜಗಲಿಯ ಕಂಬಕ್ಕೊರಗಿ ಕೂತು ರೇಗಿಸುವನು. “ಒಂದು ಕಡೆ ನೀನು ಹೇಳಿದ್ದು ಸರಿ,” ಎಂದು ಭಾವ ಸುಮ್ಮನಾಗುವರು. ಇನ್ನೊಂದು ಕಡೆಯನ್ನು ಅವನಿಗೆ ಹೇಳುತ್ತಿರಲಿಲ್ಲ.

ಕೊರೋನ ಬರುವುದಕ್ಕೆ ಹಿಂದಿನ ವರ್ಷ ನನ್ನ ಯಜಮಾನರು ಮುನಿರಾಮಯ್ಯನವರ ನಾಲಿಗೆಯ ಎಡ ಅಂಚಿನಲ್ಲಿ ಅವರೆಕಾಳಿನಷ್ಟು ಹುಣ್ಣಾಯಿತು. ಹೊಗೆಸೊಪ್ಪು ಹಾಕುವ ಬಾಯಿ, ಒಂದು ತಿಂಗಳು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ಅಲ್ಲಿಯ ಡಾಕ್ಟರು ಒಳ್ಳೆಯವರು. ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಟ್ಟರು. ಮೊದಲನೆಯದು ಆಪರೇಷನ್, ನಾಲಿಗೆಯ ಹೆಚ್ಚು ಪಾಲು ಹೋಗುತ್ತದೆ. ಎರಡನೆಯದು ಕರೆಂಟು ಕೊಡುವುದು, ಎಂದರೆ ರೇಡಿಯೇಷನ್, ಏಳು ವಾರ ದಿನಾ ಬರಬೇಕು. ಎರಡೂ ಬೇಡವೆಂದರೆ ಮೂರನೆಯದು, ಮನೆಯಲ್ಲೇ ಇದ್ದು ನೋವಿನ ಮಾತ್ರೆ. “ಆಪರೇಷನ್ ಆದ್ರೆ ಒಳ್ಳೇದು, ಆದ್ರೆ ನಿರ್ಧಾರ ನಿಮ್ದು. ಹದಿನೈದು ದಿನದೊಳಗೆ ಹೇಳಿ,” ಎಂದರು. ಹನ್ನೆರಡು ದಿನ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಹದಿಮೂರನೆಯ ದಿನ ಭಾನುವಾರ, ಬೆಳಗಿನ ಬಿಸಿಲಿನಲ್ಲಿ, ಯಜಮಾನರೇ ಹೋಗಿ ಅಣ್ಣನನ್ನು ಕರೆತಂದರು.

ನಮ್ಮ ಜಗಲಿಯ ಮೇಲೆ ಭಾವ, ಯಜಮಾನರು, ದೊಡ್ಡಬಳ್ಳಾಪುರದ ಮಗ್ಗದಲ್ಲಿ ಕೆಲಸಕ್ಕಿದ್ದ ನನ್ನ ಮಗ ಮಂಜೇಶ, ಕಂಬದ ಹತ್ತಿರ ಬೈಲಪ್ಪ. ನಾನು ಬಾಗಿಲ ಹಿಂದೆ. ಗುಳಿಗಳಿಗೆ ಹೆಸರಾಯಿತು: ಆಯಸ್ಸು, ನೋವು, ಊಟ, ಮಾತು, ಮುಖ, ಭಯ. ಏಳನೆಯದಕ್ಕೆ ಏನೆಂದು ಯಾರಿಗೂ ತೋಚಲಿಲ್ಲ. “ಇಂಥದ್ದೇ ಆಯ್ತದೆ ಅಂತ ಖಚಿತ ಇರಬೇಕಲ್ಲಣ್ಣ, ಅದಕ್ಕೊಂದು ಇಡು,” ಎಂದರು ಯಜಮಾನರು.

ಚೀಟಿಯಲ್ಲಿದ್ದ ಕ್ರಮದಂತೆ ಆಪರೇಷನ್ನಿನ ಎದುರಿಗೆ ಕರೆಂಟು ಕೂತಿತು. ಆಯಸ್ಸಿಗೆ ಆಪರೇಷನ್ ಎಂದು ಮಂಜೇಶ ಬಾಯಿ ಹಾಕಿದ. “ನೀನಲ್ಲ ಕಣೋ, ಅವನು ಹೇಳ್ಲಿ,” ಎಂದರು ಭಾವ. ಯಜಮಾನರೂ ಅದನ್ನೇ ಹೇಳಿದರು. ನೋವೂ ಆಪರೇಷನ್ನಿಗೇ, ಕೊಯ್ದರೆ ಒಂದು ಸಲ, ಕರೆಂಟಾದರೆ ದಿನಾ ಬಾಯಿ ಸುಡುತ್ತದೆ. ಊಟ, ಮಾತು, ಮುಖ, ಭಯ, ಈ ನಾಲ್ಕೂ ಕರೆಂಟಿನ ಕಡೆ ಬಿದ್ದವು. ಖಚಿತ ಆಪರೇಷನ್ನಿಗೆ. ಮೂರಕ್ಕೆ ನಾಲ್ಕು. ಭಾವ ಮೇಲಿನ ಸಾಲನ್ನು ಅಂಗೈಯಿಂದ ಒರೆಸಿ, “ಆಪರೇಷನ್ ಹೋಯ್ತು,” ಎಂದರು.

ಈಗ ಕರೆಂಟಿನ ಎದುರು ಮನೆ. ಆಯಸ್ಸು ಕರೆಂಟಿಗೆ. ನೋವು ಮನೆಗೆ, ಮಾತ್ರೆ ಇದೆಯಲ್ಲ. ಊಟ ಕರೆಂಟಿಗೆ, ಎರಡು ತಿಂಗಳು ಕಳೆದರೆ ನುಂಗಬಹುದೆಂದಿದ್ದರು. ಮಾತು ಮನೆಗೆ. ಮುಖ ಕರೆಂಟಿಗೆ, ಮನೆಯಲ್ಲೇ ಇದ್ದರೆ ಹುಣ್ಣು ಕೆನ್ನೆಗೆ ಇಳಿಯುತ್ತದೆಂದು ಡಾಕ್ಟರು ಹೇಳಿದ್ದರು. ಭಯ ಮನೆಗೆ. ಮೂರು ಮೂರು ಆಯಿತು. ಭಾವ ಕಡೆಯ ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು, “ಖಚಿತ?” ಎಂದರು.

“ಕರೆಂಟಾದ್ರೆ ಆದ್ರಾಯ್ತು, ಇಲ್ಲದಿದ್ರಿಲ್ಲ. ಮನೇಲಿದ್ರೆ ಏನಾಯ್ತದೆ ಅಂತ ಗೊತ್ತಲ್ಲಣ್ಣ,” ಎಂದು ಯಜಮಾನರು ನಕ್ಕರು.

ಬೀಜ ಮನೆಯ ಕಡೆ ಬಿತ್ತು. ಮಂಜೇಶ ಮುಂದಕ್ಕೆ ಬಾಗಿ, “ದೊಡ್ಡಪ್ಪ, ಮನೇಗೂ ಆಪರೇಷನ್‌ಗೂ ಒಂದ್ಸಲ ಇಟ್ಟು ನೋಡಾಣ,” ಎಂದ. “ಸೋತಿದ್ದನ್ನ ತಿರುಗಿ ತರಬಾರದು ಕಣೋ. ತಂದ್ರೆ ಇದಕ್ಕೆ ಕೊನೆ ಎಲ್ಲೈತೆ?” ಎಂದು ಭಾವ ಬೀಜಗಳನ್ನು ಜೇಬಿಗೆ ಹಾಕಿಕೊಂಡರು.

ಬೈಲಪ್ಪ ಅಂದು ಏನೂ ಆಡಿಕೊಳ್ಳಲಿಲ್ಲ. ಯಜಮಾನರ ಮುಖದಲ್ಲಿ ಹನ್ನೆರಡು ದಿನದಿಂದ ಇದ್ದ ಬಿಗಿ ಸಡಿಲವಾಯಿತು. ಒಳಗೆ ಬಂದು ಎರಡು ಮುದ್ದೆ ಬೇಡಿ ಉಂಡರು. ನಾನು ಬಡಿಸಿದೆ.

ಆಮೇಲೆ ಅವರು ಬದುಕಿದ್ದು ಐದು ತಿಂಗಳು ಹನ್ನೊಂದು ದಿನ. ಮೂರನೆಯ ತಿಂಗಳಲ್ಲಿ ಹುಣ್ಣು ಕೆನ್ನೆಯನ್ನು ತೂತು ಮಾಡಿ ಹೊರಗೆ ಬಂತು. ಕುಡಿಸಿದ ಗಂಜಿ ಅಲ್ಲಿಂದಲೇ ಇಳಿಯುತ್ತಿತ್ತು. ವಾಸನೆಗೆ ಅಂಜಿ ಜನ ಬರುವುದು ನಿಂತಿತು, ಅವರೂ ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಗೋಡೆಯ ಕಡೆ ತಿರುಗಿ ಮಲಗುವರು. ನಾಲ್ಕನೆಯ ತಿಂಗಳು ಮಾತು ಹೋಯಿತು. ಮಾತು ಉಳಿಯುತ್ತದೆಂದು ಮನೆಯ ಕಡೆ ಬಿದ್ದಿದ್ದ ಬೀಜವೂ ಹೀಗೆ ಸುಳ್ಳಾಯಿತು. ಮಾತ್ರೆಯ ಕಸುವು ಎರಡು ಗಂಟೆ ನಿಲ್ಲುತ್ತಿದ್ದದ್ದು ಅರ್ಧ ಗಂಟೆಗೆ ಇಳಿಯಿತು. ಭಾವ ದಿನಕ್ಕೆರಡು ಸಲ ಬಂದು ತಮ್ಮನ ಕಾಲು ಹಿಡಿದು ಕೂರುವರು. ಆ ವಾಸನೆಗೆ ಮೂಗು ಮುಚ್ಚದೆ ಕೂತವರು ಅವರೊಬ್ಬರೇ. ಅದನ್ನೂ ಹೇಳಬೇಕು.

ತಿಥಿಯೆಲ್ಲ ಮುಗಿದು ಮನೆ ಬರಿದಾದ ಮೇಲೆ, ಮಂಜೇಶ ಕೇಳಿದ್ದ ಆ ಒಂದು ಮಾತು ನನ್ನನ್ನು ಬಿಡಲಿಲ್ಲ. ಹಿತ್ತಲ ಕಲ್ಲುಚಪ್ಪಡಿಯ ಮೇಲೆ ಸುಣ್ಣದಲ್ಲಿ ಹದಿನಾಲ್ಕು ಚೌಕ ಬರೆದು, ಅವರೆಕಾಳು ಹಿಡಿದು ಕೂತೆ. ಮೇಲೆ ಮನೆ, ಕೆಳಗೆ ಆಪರೇಷನ್. ಉತ್ತರ ನನ್ನದಲ್ಲ, ಯಜಮಾನರು ಅಂದು ಜಗಲಿಯ ಮೇಲೂ ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲೂ ಹೇಳಿದ್ದೇ. ಆಯಸ್ಸು ಆಪರೇಷನ್ನಿಗೆ. ನೋವು, ಕೊಯ್ದರೆ ಒಂದು ಸಲ ಎಂದಿದ್ದರಲ್ಲ, ಆಪರೇಷನ್ನಿಗೆ. ಊಟ ಆಪರೇಷನ್ನಿಗೆ, ಹುಣ್ಣನ್ನು ಹಾಗೇ ಬಿಟ್ಟರೆ ಗಂಜಿಯೂ ಇಳಿಯದೆಂದು ಅಂಜಿದ್ದರು. ಕೊಯ್ದ ಮುಖ ತೂತಾದ ಮುಖಕ್ಕಿಂತ ಮೇಲೆಂದು ಅವರೇ ಬಸ್ಸಿನಲ್ಲಿ ಹೇಳಿದ್ದರು. ಖಚಿತವೂ ಅತ್ತಲೇ, ಕೊಯ್ದರೆ ಬೇರುಸಹಿತ ಹೋಗುವುದು ಖಚಿತವೆಂದೂ ಅಂದಿದ್ದರು. ಮಾತು, ಭಯ, ಎರಡು ಮಾತ್ರ ಮನೆಗೆ. ಐದಕ್ಕೆ ಎರಡು.

ಮೊದಲ ಸುತ್ತಿನಲ್ಲಿ ಸೋತು ಹೋದದ್ದು, ಕೊನೆಗೆ ಗೆದ್ದದ್ದನ್ನು ಐದಕ್ಕೆ ಎರಡರಲ್ಲಿ ಸೋಲಿಸಿತು.

ಎಲ್ಲೋ ತಪ್ಪಿದ್ದೇನೆಂದು ಮೂರು ದಿನ ಮತ್ತೆ ಮತ್ತೆ ಹಾಕಿದೆ. ಕ್ರಮ ಬದಲಿಸಿ ಹಾಕಿದೆ. ಮೊದಲು ಕರೆಂಟು, ಮನೆ ಕೂತು ಕೊನೆಗೆ ಆಪರೇಷನ್ ಬಂದರೆ ಆಪರೇಷನ್ ಗೆಲ್ಲುತ್ತದೆ. ಕೊನೆಗೆ ಕರೆಂಟು ಬಂದರೆ ಕರೆಂಟು. ಕೊನೆಗೆ ಮನೆ ಬಂದರೆ ಮನೆ. ಒಂದನ್ನೊಂದು ಬೆನ್ನಟ್ಟಿಕೊಂಡು ಮೂರೂ ದುಂಡಗೆ ಸುತ್ತುತ್ತಿದ್ದವು. ಯಾವುದು ಕಡೆಗೆ ಬರುತ್ತದೋ ಅದರದೇ ಗೆಲುವು. ಯಜಮಾನರ ಪ್ರಾಣವನ್ನು ನಿರ್ಧರಿಸಿದ್ದು ಏಳು ಗುಳಿಗಳಲ್ಲ, ಚೀಟಿಯಲ್ಲಿ ಡಾಕ್ಟರು ಬರೆದ ಸಾಲುಗಳ ಮೇಲುಕೆಳಗು.

ನಾಲ್ಕನೆಯ ದಿನ ಭಾವನ ಮನೆಗೆ ಹೋದೆ. ಬಾಗಿಲ ಮರೆಗೆ ಹೋಗದೆ, ಜಗಲಿಯ ಮೇಲೆ ಅವರ ಎದುರಿಗೇ ಕೂತೆ. ಅವರ ಸೊಸೆ ಒಳಗಿನಿಂದ ಇಣುಕಿ ಗಾಬರಿಯಾದಳು.

“ಏನಮ್ಮ ಅಕ್ಕಯಮ್ಮ,” ಎಂದರು ಭಾವ. ನನ್ನ ಹೆಸರನ್ನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

“ಮಣೆ ತರ್ಸಿ ಭಾವ. ಸೋತಿದ್ದನ್ನ ಒಂದ್ಸಲ ತಿರುಗಿ ತರಬೇಕು.”

ನಾನು ಹೇಳುತ್ತಾ ಹೋದೆ, ಅವರು ಬೀಜ ಹಾಕುತ್ತಾ ಹೋದರು. ಐದು, ಎರಡು. ಅವರು ಮೂರು ಕ್ರಮದಲ್ಲೂ ತಾವೇ ಹಾಕಿ ನೋಡಿದರು. ಬಿಸಿಲು ಜಗಲಿ ಬಿಟ್ಟು ಬೀದಿಗೆ ಇಳಿಯಿತು. ಬೆವರು ಕೋಟಿನ ಕಾಲರಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

“ಪಾಪಮ್ಮನ ಮಗಳಿಗೆ ಕಡೆಗೆ ಇಟ್ಟ ಗಂಡು ಯಾವುದು, ನೆಪ್ಪೈತಾ?”

“ಅರಿಶಿನಕುಂಟೆಯದು.”

“ಟ್ಯಾಂಕಿಗೆ?”

“ಏರಿ. ಆದ್ರೆ ಎಲ್ಲ ಸಲಾನೂ ಹಿಂಗೆ ಸುತ್ತಲ್ಲ ಭಾವ. ಒಂದು ದಾರಿ ಮಿಕ್ಕ ಎರಡನ್ನೂ ಗೆದ್ರೆ ಯಾವ ಕ್ರಮಕ್ಕಿಟ್ರೂ ಅದೇ ಬತ್ತದೆ. ಸುತ್ತಿದ್ದು ಯಾವ ಸಲ, ಸುತ್ತದೆ ಇದ್ದದ್ದು ಯಾವ ಸಲ, ನಮಗೆ ಗೊತ್ತಿಲ್ಲ ಅಷ್ಟೇ. ತಿರುಗಿ ಇಟ್ಟು ನೋಡ್ಲಿಲ್ಲವಲ್ಲ.”

ಭಾವ ಬೀಜಗಳನ್ನು ಒಂದೊಂದಾಗಿ ಗುಳಿಯಿಂದ ಎತ್ತಿದರು. ಆಮೇಲೆ ನನ್ನ ಮುಖ ನೋಡಿದರು. “ಆವತ್ತು ನಿನ್ನ ಮನಸ್ಸಲ್ಲಿ ಏನಿತ್ತಮ್ಮ?”

“ಆಪರೇಷನ್.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ.”

ಅವರ ತುಟಿ ಇನ್ನೊಂದು ಕಡೆ ಎನ್ನುವ ಹಾಗೆ ಅಲುಗಿತು, ಕೈ ಮಣೆಯನ್ನು ಮಗುಚಿಟ್ಟಿತು.

ಅದಾದ ಮೇಲೆ ಅವರು ಮೂರು ವರ್ಷ ಬದುಕಿದ್ದರು. ಮೊದಲ ವರ್ಷ, ಹಿಂದೆ ಮಣೆ ಹಾಕಿದ್ದ ಮನೆಗಳಿಗೆಲ್ಲ ಹೋಗಿ, ಆ ದಿನ ಯಾವುದು ಮೊದಲು ಕೂತಿತ್ತು, ಯಾವುದು ಕಡೆಗೆ, ನೆನಪಿದೆಯೇ ಎಂದು ವಿಚಾರಿಸುತ್ತಾ ತಿರುಗಿದರು. ಕೆಲವರು ಕರೆದು ಕೂರಿಸಿ ಕನಿಕರದಿಂದ ಕಳಿಸಿದರು. ಪಾಪಮ್ಮ ಬಾಗಿಲಲ್ಲೇ ತಡೆದಳು. “ನನ್ನ ಮಗಳು ಎರಡು ಮಕ್ಕಳ ತಾಯಿ ಕಣಣ್ಣ. ಈಗ ಬಂದು ಗಂಡ ಸರೀನಾ ಅಂತ ಕೇಳ್ತೀಯಲ್ಲ, ತಲೆಗಿಲೆ ಕೆಟ್ಟೈತಾ? ಸರಿ ಇಲ್ಲ ಅಂದ್ರೆ ನೀನು ಬೇರೆ ತಂದ್ಕೊಡ್ತೀಯಾ?” ಆ ಮಗಳು ಗಂಡನೊಡನೆ ಸುಖವಾಗಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು. ಭಾವ ಬೀದಿಯಲ್ಲಿ ನಿಂತೇ ಇದ್ದರಂತೆ, ಅವಳು ಬಾಗಿಲು ಹಾಕಿಕೊಂಡ ಮೇಲೂ.

ಎರಡನೆಯ ವರ್ಷ ಬೈಲಪ್ಪನ ಹೆಂಡತಿ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಮಾಡಿಸಬೇಕೋ, ನಾಟಿ ಕಟ್ಟು ಹಾಕಿಸಿ ಮಲಗಿಸಬೇಕೋ. ಅವಳ ಹೃದಯ ದುರ್ಬಲ, ಮತ್ತಿನ ಮದ್ದು ಕೊಟ್ಟರೆ ಏಳುತ್ತಾಳೆಂದು ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ನಲವತ್ತು ವರ್ಷ ರೇಗಿಸಿದ್ದ ಬೈಲಪ್ಪ ಬಂದು, ಕಂಬಕ್ಕೊರಗದೆ, ಭಾವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ನಾನು ಅಲ್ಲೇ ಇದ್ದೆ. ಈಗ ನಾನು ಎದುರಿಗೇ ಕೂರುತ್ತಿದ್ದೆ.

“ಮಣೆ ಹಾಕು ಚಿಕ್ಕೆಂಕಟ.”

“ಅದು ಸುಳ್ಳು ಮಣೆ ಕಣೋ ಬೈಲ. ನಿಂಗೆ ಹೇಳಿದ್ನಲ್ಲ.”

“ಇರ್ಲಿ ಹಾಕು.”

“ಸರಿ ಬತ್ತದೋ ತಪ್ಪು ಬತ್ತದೋ ನಂಗೊತ್ತಿಲ್ಲ ಅಂದೆ.”

“ಸರಿ ತಪ್ಪು ನಿನ್ನ ಯಾರ್ಲಾ ಕೇಳಿದ್ರು?” ಬೈಲಪ್ಪ ಭಾವನ ಕೋಟಿನ ಅಂಚು ಹಿಡಿದ. “ನಾಳೆ ಅವಳಿಗೆ ಹೆಚ್ಚುಕಮ್ಮಿ ಆದ್ರೆ ನಾನು ಯಾರ ಹೆಸರು ಹೇಳ್ಲಿ? ಮಕ್ಕಳು ಕೇಳಿದ್ರೆ ಯಾರ ಹೆಸರು ಹೇಳ್ಲಿ ಹೇಳು!”

“ನಿನ್ನ ಹೆಸರೇ ಹೇಳ್ಕೋ,” ಎಂದರು ಭಾವ.

ಬೈಲಪ್ಪ ಎದ್ದು ಹೋದ. ನಾನು ತಡೆಯಲಾರದೆ, “ಎರಡೇ ದಾರಿ ಇದ್ದಾಗ ಮಣೆ ಸುತ್ತಲ್ಲ ಭಾವ. ಹಾಕಬಹುದಾಗಿತ್ತು,” ಎಂದೆ.

“ಗೊತ್ತು ಕಣಮ್ಮ. ಆದ್ರೆ ಅವನ ಮನೇಲಿ ಬಾಗಿಲ ಹಿಂದೆ ಯಾರು ನಿಂತವ್ರೋ, ಅದು ನಂಗೆ ಗೊತ್ತಿಲ್ವಲ್ಲ.”

ಬೈಲಪ್ಪ ನಾಟಿ ಕಟ್ಟು ಹಾಕಿಸಿದ. ಆಕೆ ಮಲಗಿದವಳು ಏಳಲಿಲ್ಲ, ಎಂಟು ವಾರಕ್ಕೆ ತೀರಿಕೊಂಡಳು. ಆಪರೇಷನ್ ಆಗಿದ್ದರೆ ಏನಾಗುತ್ತಿತ್ತೆಂದು ಯಾರಿಗೂ ಗೊತ್ತಿಲ್ಲ. ಮಕ್ಕಳು ಕೇಳಿದಾಗ ಅವನು ಹೇಳಿದ್ದು ತನ್ನ ಹೆಸರನ್ನಲ್ಲ. “ಆ ಚಿಕ್ಕೆಂಕಟ ಒಂದು ಮಾತು ಹೇಳಿದ್ರೆ ನಿಮ್ಮವ್ವ ಉಳೀತಿದ್ಲು,” ಎಂದ. ಮರುವರ್ಷ ಭಾವ ಸತ್ತಾಗ ಮಣ್ಣು ಹಾಕಲೂ ಬರಲಿಲ್ಲ. ಭಾವ ಕಾಯಿಲೆ ಬಿದ್ದು ಸತ್ತವರಲ್ಲ. ಊಟ ಕಮ್ಮಿ ಮಾಡುತ್ತಾ ಬಂದರು. ಏನು ಬೇಕೆಂದು ಸೊಸೆ ಕೇಳಿದರೆ ಮುಖ ತಿರುಗಿಸುತ್ತಿದ್ದರು. ಅವಳು ಕೇಳದೆ ಇಟ್ಟದ್ದನ್ನು ಮಾತ್ರ ಉಣ್ಣುತ್ತಿದ್ದರು.

ಅವರನ್ನು ನಾನು ಕ್ಷಮಿಸಿದ್ದೇನೆಯೇ ಎಂದು ಮಂಜೇಶ ಒಮ್ಮೆ ಕೇಳಿದ. ಅದು ನನಗಿನ್ನೂ ತಿಳಿದಿಲ್ಲ. ತಿಳಿದದ್ದು ಇಷ್ಟು. ಇಂಥ ಒಬ್ಬರನ್ನು ಪ್ರತಿ ಊರೂ ಸಾಕಿಕೊಂಡಿರುತ್ತದೆ. ಅವರು ಬುದ್ಧಿವಂತರೆಂದು ನಾವು ಅವರ ಹತ್ತಿರ ಹೋಗುವುದಿಲ್ಲ, ಅವರ ಲೆಕ್ಕ ಸರಿಯೆಂದೂ ಅಲ್ಲ. ಎರಡು ಸಂಕಟಗಳಲ್ಲಿ ಒಂದನ್ನು ಇದೇ ಇರಲಿ ಎಂದು ನಮ್ಮ ಬಾಯಿಂದ ಹೇಳಲಾರದೆ, ಹೇಳಿದವರು ನಾವಾಗಬಾರದೆಂದು ಹೋಗುತ್ತೇವೆ. ಅವರು ಪಾಪ, ಅದನ್ನು ನ್ಯಾಯವೆಂದು ನಂಬಿ, ಪ್ರಾಮಾಣಿಕವಾಗಿ, ಕಾಲಕಾಲಕ್ಕೆ ಕಟ್ಟುಪಾಡುಗಳನ್ನು ಬಿಗಿ ಮಾಡಿಕೊಂಡು ನಡೆಸುತ್ತಾರೆ. ತಪ್ಪಾದರೆ ದೂರು ಅವರ ಮೇಲಿರುತ್ತದೆ, ಸರಿಯಾದರೆ ಅವರ ನೆನಪೇ ಇರುವುದಿಲ್ಲ. ಎಂದೋ ಒಂದು ದಿನ ಅವರಿಗೆ ತಮ್ಮ ಕೆಲಸ ಏನಾಗಿತ್ತೆಂದು ಅರ್ಥವಾಗಿ ಕೈ ತೆಗೆದರೆ, ತಪ್ಪು ಹೇಳಿದ್ದಕ್ಕಿಂತ ಹೆಚ್ಚಾಗಿ ಅದಕ್ಕೇ ನಾವು ಅವರನ್ನು ದ್ವೇಷಿಸುತ್ತೇವೆ.